ಮಳೆಗಾಲ ದಾಟಿಸಿ ಡೇರೆ ಬೆಳೆದಿದ್ದು: ನನ್ನ ಅನುಭವ

ರೋಹಿಣಿ ಮಳೆಗೆ (ಮೇ ಕೊನೆ) ಡೇರೆ ಹೂವಿನ, ಅಂದರೆ ಡೇಲಿಯಾದ, ಗೆಡ್ಡೆ ನೆಲಕ್ಕೆ ಹಾಕಬೇಕು, ಗೌರಿ ಹಬ್ಬಕ್ಕೆ ಹೂ ಕೊಯ್ಯಬೇಕು. ನಮ್ಮ ಮೂಡಿಗೆರೆ ಸೀಮೆಯ ಲೆಕ್ಕ ಇದು. ನಾನು ಈ ಲೆಕ್ಕ ಬಿಟ್ಟು ಕೆಲವು ವರ್ಷ ಆಯ್ತು. ನಮ್ಮ ಮನೆಯ ಡೇರೆ ಅಂಗಳಕ್ಕೆ ಇಳಿಯೋದೇ ಆಗಸ್ಟಿನ ಆಶ್ಲೇಷ ಮಳೆ ತಗ್ಗಿದ ಮೇಲೆ. ಅದೂ ಗೆಡ್ಡೆ ಅಲ್ಲ, ಕುಡಿಯಿಂದ ಎಬ್ಬಿಸಿದ ಗಿಡ. ದಸರೆಗೆ ಹೂ ಶುರು, ದೀಪಾವಳಿಗೆ ಅಂಗಳ ತುಂಬ. "ಗೆಡ್ಡೆ ಇಲ್ಲದ ಡೇರೆ ಎಲ್ಲಾದ್ರೂ ಹೂ ಬಿಡುತ್ತಾ?" ಅಂತ ನಕ್ಕಿದ್ದ ಓರಗಿತ್ತಿ ಹೋದ ವರ್ಷ ತಾವೇ ಕೇಳಿ ಒಂದು ಡಜನ್ ಗಿಡ ತಗೊಂಡು ಹೋದರು.

ನಮ್ಮದು ಜೋರು ಮಳೆಯ ಕೊಟ್ಟಿಗೆಹಾರದ ಕಡೆ. ಜುಲೈಯಲ್ಲಿ ಇಲ್ಲಿ ಗೆಡ್ಡೆ ನೆಲದಲ್ಲಿ ಉಳಿದರೆ ಪುಣ್ಯ. ಏರು ಮಡಿ ಮಾಡಿಸಿದೆ, ಚರಂಡಿ ತೆಗೆಸಿದೆ, ಮರಳು ಹಾಕಿಸಿದೆ. ಮರಳಿಗೇ ಒಂದೂವರೆ ಸಾವಿರ ಹೋಯ್ತು. ಮೇಲೆ ನೀರು ನಿಲ್ಲಲಿಲ್ಲ ನಿಜ. ಆದರೆ ಮಣ್ಣಿಗೆ ಕೈ ಹಾಕಿದರೆ ಗೆಡ್ಡೆ ಲೊಳಲೊಳ. 2019ರ ಆಗಸ್ಟ್ ಮಳೆ ಈ ಕಡೆಯವರಿಗೆಲ್ಲ ನೆನಪಿದೆ. ಗುಡ್ಡವೇ ಜಾರಿದ ವರ್ಷ ಹೂವಿನ ಗಿಡದ ಮಾತು ಯಾರು ಆಡುತ್ತಾರೆ? ಸುಮ್ಮನಿದ್ದೆ. ಅತ್ತೆಯ ಕಾಲದ ಕೆಂಪು ಡೇರೆ ಆ ವರ್ಷವೇ ಹೋಯ್ತು. ಎಲ್ಲೋ ಮೂಲೆಯಲ್ಲಿ ಉಳಿದಿದ್ದನ್ನು ಮುಳ್ಳುಹಂದಿ ಅಗೆದು ತಿಂದಿತು.

ಆಮೇಲೆ ಹೊರಗಿನಿಂದ ಹೈಬ್ರಿಡ್ ಗೆಡ್ಡೆ ತರಿಸಿದೆ. ಒಂದಕ್ಕೆ 120–150 ರೂಪಾಯಿ, ಕೊರಿಯರ್ ಬೇರೆ. ಒಟ್ಟು 3 ಸಾವಿರದ ಹತ್ತಿರ. ಬಿಚ್ಚಿ ನೋಡಿದರೆ ಅರ್ಧಕ್ಕೆ ಚಿಗುರೊಡೆಯುವ ಕಣ್ಣೇ ಇಲ್ಲ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪ ಇದ್ದರೇನು, ಚಿಗುರಲ್ಲ ಅಲ್ವಾ? "ಫೋಟೋ ನೋಡಿ ದುಡ್ಡು ಕಳಿಸ್ತೀಯಲ್ಲ ಮಾರಾಯ್ತಿ" ಅಂದರು ನಮ್ಮನೆಯವರು. ಚಿಗುರಿದ ಐದಾರನ್ನು ಹೇಗಾದರೂ ಉಳಿಸಿಕೊಳ್ಳಬೇಕು ಅನ್ನೋ ಹಟಕ್ಕೆ ಕುಡಿ ತೆಗೆಯೋಕೆ ಶುರು ಮಾಡಿದ್ದು.

ಏಪ್ರಿಲ್ ಕೊನೆಗೆ ತಾಯಿ ಗೆಡ್ಡೆಗಳನ್ನು ಮರಳು, ತೆಂಗಿನ ನಾರಿನ ಪುಡಿ ಬೆರೆಸಿದ ಟ್ರೇಯಲ್ಲಿ ಕುತ್ತಿಗೆ ಮೇಲೆ ಕಾಣುವ ಹಾಗೆ ಕೂರಿಸುತ್ತೇನೆ. ನೀರು ಚಿಮುಕಿಸಿದರೆ ಸಾಕು. ಚಿಗುರು ಬೆರಳುದ್ದ ಬಂದಾಗ ಬುಡದಲ್ಲಿ ಚೂರು ಬಿಟ್ಟು ಕೊಯ್ಯೋದು. ಆ ಚೂರಿನಿಂದ ಮತ್ತೆ ಎರಡು ಚಿಗುರು ಬರುತ್ತವೆ. ಕಾಂಡ ಟೊಳ್ಳಾಗುವವರೆಗೆ ಕಾದರೆ ಕೆಟ್ಟಿತು, ಬೇರು ಬರುವ ಮೊದಲೇ ಕೊಳೆಯುತ್ತದೆ. ಒಂದು ಗೆಡ್ಡೆಯಿಂದ ಎಂಟು ಹತ್ತು ಕುಡಿಗೆ ಮೋಸ ಇಲ್ಲ. ಎಲೆಯಲ್ಲಿ ಹಳದಿ ಗೆರೆ ಕಂಡ ಗಿಡದ ಕುಡಿ ಮಾತ್ರ ಮುಟ್ಟಲ್ಲ, ರೋಗವೂ ಜೊತೆಗೇ ಬರುತ್ತದೆ. ಕುಡಿಯ ಬುಡಕ್ಕೆ ನಾನು ಏನು ಹಚ್ಚುತ್ತೇನೆ ಅಂತ ಕೇಳಬೇಡಿ. ಅಂಗಡಿಯಲ್ಲಿ ಸಿಗುವ ಬೇರು ಬರಿಸೋ ಪುಡಿ ಅಲ್ಲ, ಅಡುಗೆಮನೆಯದ್ದೇ. ಮೊದಲು ಹತ್ತಕ್ಕೆ ಐದು ಬದುಕುತ್ತಿದ್ದವು, ಈಗ ಎಂಟು.

ಜೂನ್, ಜುಲೈಯಲ್ಲಿ ಎಲ್ಲಿಡೋದು ಅನ್ನೋದೇ ದೊಡ್ಡ ತಲೆನೋವು. ಸೂರಿನ ಕೆಳಗೆ ಬೆಳಕು ಸಾಲದೆ ಗಿಡ ಸೊರಗಿ ಉದ್ದ ಆಗುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೀಟಿನ ಮನೆ ಕೊಯ್ಲಿನ ತನಕ ಖಾಲಿ ಬಿದ್ದಿರುತ್ತಲ್ಲ, ಅಲ್ಲಿಗೆ ಸಾಗಿಸಿದೆ. ಮೊದಲ ವರ್ಷ ಒಳಗೆಲ್ಲ ಬೂಷ್ಟು ಹಿಡಿದು ಅರ್ಧ ಗಿಡ ಹೋಯ್ತು. ಎರಡೂ ಬದಿಯ ಶೀಟನ್ನು ಮಂಡಿ ಎತ್ತರಕ್ಕೆ ಸುತ್ತಿ ಕಟ್ಟಿದೆ. ಗಾಳಿ ಆಡಿತು, ಬೂಷ್ಟು ನಿಂತಿತು. ಖರ್ಚು ಸೊನ್ನೆ. ಮೂರು ಜೊತೆ ಎಲೆ ಬಂದ ಕೂಡಲೇ ತಲೆ ಚಿವುಟಿಬಿಡಿ, ಕನಿಕರ ಬೇಡ.

ಅಂಗಳಕ್ಕೆ ಬರುವಾಗ ಗೊಬ್ಬರದ ಖಾಲಿ ಚೀಲ ಅರ್ಧಕ್ಕೆ ಮಡಿಸಿ ಅದರಲ್ಲಿ ನೆಡುತ್ತೇನೆ. ಕಾಡು ಮಣ್ಣು, ಹಳೇ ಸಗಣಿ ಗೊಬ್ಬರ, ಚೆನ್ನಾಗಿ ಕಳಿತ ಕಾಫಿ ಸಿಪ್ಪೆ. ಹಸಿ ಸಿಪ್ಪೆ ಹಾಕಿದರೆ ಬಿಸಿ ಎದ್ದು ಬೇರು ಸುಡುತ್ತದೆ. ಯೂರಿಯಾ ಹತ್ತಿರ ತರಬೇಡಿ, ಬರೀ ಎಲೆ. ಮೊಗ್ಗು ಕಾಣುವಾಗ ಚಿಟಿಕೆ ಪೊಟ್ಯಾಷ್. ಕಟ್ಟೋಕೆ ಬಿದಿರು ಗೂಟ, ಬಾಳೆಪಟ್ಟೆ. ಶಂಖದಹುಳುವಿಗೆ ಮಾತ್ರ ಮದ್ದು ಸಿಕ್ಕಿಲ್ಲ, ರಾತ್ರಿ ಟಾರ್ಚ್ ಹಿಡಿದು ಹೆಕ್ಕೋದೇ.

ಚೀಲದ ನಿಜವಾದ ಲಾಭ ಅಂದರೆ ಅಂಗಳ ಜೋಡಿಸೋದು. ನೆಲದಲ್ಲಿ ನೆಟ್ಟ ಗಿಡ ಎಲ್ಲಿದೆಯೋ ಅಲ್ಲೇ. ನಾನು ಮೊದಲ ಮೊಗ್ಗು ಬಣ್ಣ ಬಿಡೋ ತನಕ ಸುಮ್ನೆ ಸಾಲಾಗಿ ಇಟ್ಟಿರುತ್ತೇನೆ. ಆಮೇಲೆ ಜಾಗ ಹಂಚೋದು. ಕಡು ಕೆಂಪು, ಮರೂನ್ ಬಣ್ಣ ಕಾಫಿ ಗಿಡದ ಹಸಿರಿನ ಎದುರು ಕಾಣೋದೇ ಇಲ್ಲ. ಅವು ಜಗಲಿಯ ಬಿಳಿ ಗೋಡೆಗೆ. ಬಿಳಿ, ತಿಳಿ ಹಳದಿ ಗೇಟಿನ ಹತ್ತಿರ, ಮಬ್ಬುಗತ್ತಲಲ್ಲೂ ಕಾಣುತ್ತವೆ. ಎಲ್ಲ ಬಣ್ಣ ಕಲಸಿ ಇಡುವವರ ಅಂಗಳ ನನಗೆ ಹಿಡಿಸಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹೂ ಸಾಸರ್‌ ಅಗಲ ಬರಬೇಕಾದರೆ ನಡುವಿನ ಮೊಗ್ಗು ಬಿಟ್ಟು ಪಕ್ಕದ ಎರಡನ್ನು ಚಿವುಟಬೇಕು. ಹಬ್ಬಕ್ಕೆ ಹೂ ಜಾಸ್ತಿ ಬೇಕಿದ್ದರೆ ಚಿವುಟಬೇಡಿ.

ಇನ್ನೊಂದು ಹುಚ್ಚು ಪ್ರಯೋಗವೂ ನಡೆದಿದೆ. ಹಗಲು ಕಡಿಮೆಯಾದಂತೆ ಡೇರೆ ಹೂ ಬಿಡೋದು ಕಡಿಮೆ ಮಾಡಿ ಗೆಡ್ಡೆ ಕಟ್ಟೋ ಕಡೆ ವಾಲುತ್ತದೆ. ಅದಕ್ಕೇ ನವೆಂಬರಿನಲ್ಲಿ ಜಗಲಿಯ ಎಲ್‌ಇಡಿ ಬಲ್ಬನ್ನು ರಾತ್ರಿ ಹತ್ತರ ತನಕ ಉರಿಸಿದೆ. ಬಲ್ಬಿನ ಕೆಳಗಿನ ಗಿಡಗಳು ಕ್ರಿಸ್‌ಮಸ್‌ವರೆಗೂ ಮೊಗ್ಗು ಕೊಟ್ಟವು. ಆದರೆ ಮನೆ ತುಂಬ ಹುಳ, ಊಟಕ್ಕೆ ಕೂರೋಕಾಗಲ್ಲ. ಗೆಡ್ಡೆಯೂ ಸಣ್ಣ ಆಯ್ತು. ಈ ಸಲ ಮನೆಯಿಂದ ದೂರ, ಕಣದ ಮೂಲೆಗೆ ಬಲ್ಬ್ ಹಾಕಿ ನೋಡಬೇಕು.

ಹೋದ ವರ್ಷ ಗಿಡ ಒಂದಕ್ಕೆ 60 ರೂಪಾಯಿಯಂತೆ ಮಾರಿ ಸುಮಾರು 5 ಸಾವಿರ ಕೈಗೆ ಬಂತು. ಮರಳಿನ ದುಡ್ಡು, ಕಣ್ಣಿಲ್ಲದ ಗೆಡ್ಡೆಯ ದುಡ್ಡು ಎರಡೂ ಬಡ್ಡಿ ಸಮೇತ ಬಂದ ಹಾಗೆ. ಗೆಡ್ಡೆ ಹಂಚೋದು ಶಿವರಾತ್ರಿ ಆದ ಮೇಲೆ. ಹಳೇ ಕಾಲದ ಕೆಂಪು ಡೇರೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ಒಂದು ಗೆಡ್ಡೆ ತನ್ನಿ. ಬದಲಿಗೆ ನಾಲ್ಕು ಹೈಬ್ರಿಡ್ ಕೊಡ್ತೀನಿ. ಮರೂನ್ ಮಾತ್ರ ಕೊಡಲ್ಲ.