ಹವ್ಯಾಸಕ್ಕೆ ಓಡುವವರು ಕ್ರೀಡಾಪಟುಗಳೇ? ಉತ್ತರಿಸುವ ಮುನ್ನ ನೋಡಿಕೊಳ್ಳಬೇಕಾದದ್ದು

ಎರಡು ವರ್ಷಗಳ ಹಿಂದೆ ಕಾರವಾರದ ಒಂದು ಚಿಕಿತ್ಸಾಲಯಕ್ಕೆ ಮಾಮೂಲಿ ತಪಾಸಣೆಗೆಂದು ಹೋಗಿದ್ದೆ. ಇಸಿಜಿ ಕಾಗದ ಹಿಡಿದುಕೊಂಡ ವೈದ್ಯರು, ನಾಡಿ ಸಾಮಾನ್ಯಕ್ಕಿಂತ ನಿಧಾನವಾಗಿ ನಿಮಿಷಕ್ಕೆ 46 ಎಂದಿರುವುದನ್ನು ಎರಡು ಸಲ ನೋಡಿ, “ನೀವು ಅಥ್ಲೀಟಾ?” ಎಂದು ಕೇಳಿದರು. ಐವತ್ತು ದಾಟಿದ, ತಲೆ ಅರ್ಧ ನರೆತ ನನಗೆ ಆ ಮಾತು ಕೇಳಿ ನಾಚಿಕೆಯೇ ಆಯಿತು. “ಛೆ, ಹಾಗೇನಿಲ್ಲ, ಬೆಳಿಗ್ಗೆ ಸುಮ್ಮನೆ ಸ್ವಲ್ಪ ಓಡುತ್ತೇನೆ, ಅಷ್ಟೇ” ಎಂದುಬಿಟ್ಟೆ. ಆ ‘ಅಷ್ಟೇ’ಯ ಫಲವಾಗಿ ಎದೆಗೆ ತಂತಿಗಳನ್ನು ಅಂಟಿಸಿಕೊಂಡು, ಹೃದಯದ ಬಡಿತವನ್ನು ಇಡೀ ದಿನ ದಾಖಲಿಸುವ ಹೋಲ್ಟರ್ ಯಂತ್ರವನ್ನು ಸೊಂಟಕ್ಕೆ ಕಟ್ಟಿಕೊಂಡು, ಜಿಗುಟು ಸೆಕೆಯಲ್ಲಿ ಸ್ನಾನವಿಲ್ಲದೆ ಒಂದು ಹಗಲು ಒಂದು ರಾತ್ರಿ ಕಳೆಯಬೇಕಾಯಿತು. ತಪ್ಪು ವೈದ್ಯರದಲ್ಲ. ವಾರದಲ್ಲಿ ಐದು ದಿನ, ಇಳಿತದ ಹೊತ್ತು ನೋಡಿಕೊಂಡು, ಟಾಗೋರ್ ಕಡಲತೀರದ ಒದ್ದೆಯಾದ ಗಟ್ಟಿ ಮರಳಿನ ಮೇಲೆ ಒಂದೊಂದು ತಾಸು ಓಡುವವನು ಅದನ್ನು ಹೇಳದೆ ವಿನಯ ತೋರಿಸಿದ್ದೇ ತಪ್ಪು.

ಹವ್ಯಾಸಕ್ಕೆ ಆಡುವವರನ್ನು ಕ್ರೀಡಾಪಟು ಎನ್ನಬಹುದೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಗೌರವದ ಪ್ರಶ್ನೆಯಾಗಿ ನೋಡುತ್ತೇವೆ. ಹೌದೆಂದರೆ ಜಂಬ, ಅಲ್ಲವೆಂದರೆ ಸಂಕೋಚ. ಆದರೆ ವೈದ್ಯರು, ವಿಮಾ ಕಂಪನಿಯವರು, ಉದ್ದೀಪನ ಮದ್ದು ತಡೆಯುವವರು, ನೌಕರಿಯ ಅರ್ಜಿ ಪರಿಶೀಲಿಸುವವರು ಇದೇ ಪದವನ್ನು ಬೇರೆ ಬೇರೆ ಕೆಲಸಕ್ಕೆ ಬಳಸುತ್ತಾರೆ, ಮತ್ತು ಒಬ್ಬನೇ ವ್ಯಕ್ತಿ ಒಂದೇ ದಿನ ಒಂದು ಕಡೆ ಕ್ರೀಡಾಪಟುವೂ ಇನ್ನೊಂದು ಕಡೆ ಅಲ್ಲದವನೂ ಆಗಿರಬಹುದು. ಆದ್ದರಿಂದ ಉತ್ತರಿಸುವ ಮೊದಲು ಕೇಳುತ್ತಿರುವವರು ಯಾರು, ಆ ಉತ್ತರದಿಂದ ಅವರು ಏನು ಮಾಡಲಿದ್ದಾರೆ ಎಂಬುದನ್ನು ತಿಳಿದುಕೊಳ್ಳಬೇಕು.

ಪದದ ಗೊಂದಲವನ್ನು ಮೊದಲು ಬಿಡಿಸಿಕೊಳ್ಳಿ

ಅಥ್ಲೀಟ್ ಎಂಬ ಪದ ಬಂದದ್ದು ಗ್ರೀಕ್ ಭಾಷೆಯಿಂದ. ಬಹುಮಾನಕ್ಕಾಗಿ ಸ್ಪರ್ಧಿಸುವವನು ಎಂಬುದು ಅದರ ಮೂಲಾರ್ಥ. ಅಮೆರಿಕದವರು ಯಾವುದೇ ಆಟ ಆಡುವವರನ್ನೂ ಹಾಗೆ ಕರೆಯುತ್ತಾರೆ. ನಮ್ಮಲ್ಲಿ ಅಥ್ಲೆಟಿಕ್ಸ್ ಎಂದರೆ ಓಟ, ಜಿಗಿತ, ಎಸೆತ ಮಾತ್ರ. ಕಬಡ್ಡಿ ಆಡುವವನನ್ನು ಯಾವ ಕನ್ನಡ ಪತ್ರಿಕೆಯೂ ಅಥ್ಲೀಟ್ ಎಂದು ಬರೆಯುವುದಿಲ್ಲ. ಅದರ ಬದಲು ನಮಗೆ ಪಟು ಇದ್ದಾನೆ: ಕುಸ್ತಿಪಟು, ಈಜುಪಟು, ಓಟಪಟು. ಪಟು ಎಂದರೆ ನಿಪುಣ. ಗ್ರೀಕರ ಪದ ಸ್ಪರ್ಧೆಯನ್ನು ಕೇಳಿದರೆ ನಮ್ಮ ಪದ ನೈಪುಣ್ಯವನ್ನು ಕೇಳುತ್ತದೆ, ಹಾಗಾಗಿಯೇ ಹವ್ಯಾಸಿಗಳಿಗೆ ಅದನ್ನು ತೊಡಲು ಹಿಂಜರಿಕೆ.

ಆದರೆ ನಮ್ಮ ಜಿಲ್ಲೆಯವರಿಗೆ ಈ ಹಿಂಜರಿಕೆ ಇರಬೇಕಾಗಿಲ್ಲ, ಏಕೆಂದರೆ ಯಕ್ಷಗಾನ ಇದನ್ನು ಎಂದೋ ಬಗೆಹರಿಸಿದೆ. ಹಗಲು ಬ್ಯಾಂಕಿನಲ್ಲೋ ಅಡಿಕೆ ತೋಟದಲ್ಲೋ ದುಡಿದು ರಾತ್ರಿ ಗೆಜ್ಜೆ ಕಟ್ಟುವವರನ್ನು ನಾವು ಹವ್ಯಾಸಿ ಕಲಾವಿದರು ಎನ್ನುತ್ತೇವೆ. ಹವ್ಯಾಸಿ ಎಂಬ ವಿಶೇಷಣ ಅವರು ಮೇಳದ ಸಂಬಳದ ಮೇಲಿಲ್ಲ ಎಂಬುದನ್ನು ಹೇಳುತ್ತದೆಯೇ ಹೊರತು ಕಲಾವಿದ ಎಂಬ ಪದವನ್ನು ಕಿತ್ತುಕೊಳ್ಳುವುದಿಲ್ಲ. ಹಾಗೆಯೇ ಹವ್ಯಾಸಿ ಓಟಗಾರ, ಹವ್ಯಾಸಿ ಈಜುಗಾರ ಎಂದು ಹೇಳಿಕೊಳ್ಳುವುದರಲ್ಲಿ ಅತಿಶಯೋಕ್ತಿ ಏನೂ ಇಲ್ಲ.

ನಿಮ್ಮನ್ನು ನೀವೇ ಅಳೆದುಕೊಳ್ಳುವ ಬಗೆ

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಂಡು ನಾಲ್ಕು ವಾರ ಬರೆದಿಡಿ: ಯಾವ ದಿನ, ಎಷ್ಟು ನಿಮಿಷ, ಎಷ್ಟು ದಮ್ಮು ಹತ್ತಿತು, ಯಾವ ಗುರಿಗಾಗಿ. ನೆನಪಿನಿಂದ ಹೇಳುವ ಲೆಕ್ಕ ಯಾವಾಗಲೂ ಉದಾರವಾಗಿರುತ್ತದೆ. ನಾನು ವಾರಕ್ಕೆ ಏಳು ತಾಸು ಎಂದು ನಂಬಿದ್ದೆ, ಬರೆದು ನೋಡಿದಾಗ ಐದೂ ಚಿಲ್ಲರೆ ಇತ್ತು. ಮಳೆಗಾಲದಲ್ಲಿ ಅದು ಮೂರಕ್ಕೆ ಇಳಿಯುತ್ತದೆ ಎಂಬುದನ್ನು ಜುಲೈ ಪುಟಗಳು ನಿರ್ದಾಕ್ಷಿಣ್ಯವಾಗಿ ಹೇಳಿದವು.

ಈ ಲೆಕ್ಕ ಕೈಯಲ್ಲಿದ್ದರೆ ತಜ್ಞರ ಅಳತೆಗೋಲುಗಳನ್ನು ಹಿಡಿದು ನೋಡಬಹುದು. ಯುರೋಪಿನ ಹೃದ್ರೋಗ ತಜ್ಞರ ಸಂಘ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯು ವಾರಕ್ಕೆ 10 ತಾಸು ಅಥವಾ ಹೆಚ್ಚು ತರಬೇತಿ ಮಾಡುವ ರಾಷ್ಟ್ರೀಯ ತಂಡದವರನ್ನೂ ವೃತ್ತಿಪರರನ್ನೂ ಅಗ್ರ ಕ್ರೀಡಾಪಟುಗಳೆಂದು, 6 ತಾಸಿಗೆ ಕಡಿಮೆಯಿಲ್ಲದ ಶಾಲಾ, ಕಾಲೇಜು, ಕ್ಲಬ್ ಮಟ್ಟದವರನ್ನು ಸ್ಪರ್ಧಾತ್ಮಕ ಕ್ರೀಡಾಪಟುಗಳೆಂದು, 4 ತಾಸು ದಾಟಿದವರನ್ನು ಹವ್ಯಾಸಿ ಕ್ರೀಡಾಪಟುಗಳೆಂದು ವಿಂಗಡಿಸುತ್ತದೆ. 2022ರಲ್ಲಿ ಸಂಶೋಧಕರಿಗಾಗಿ ಸಿದ್ಧವಾದ ಇನ್ನೊಂದು ವರ್ಗೀಕರಣದಲ್ಲಿ ಸೊನ್ನೆಯಿಂದ ಐದರವರೆಗೆ ಮೆಟ್ಟಿಲುಗಳಿವೆ. ವಾರಕ್ಕೆ 150 ನಿಮಿಷದ ಸಾಧಾರಣ ಚಟುವಟಿಕೆಯಂತಹ ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಮಟ್ಟ ಮುಟ್ಟಿದವರು ಒಂದನೆಯ ಮೆಟ್ಟಿಲಿನವರು. ಒಂದು ನಿರ್ದಿಷ್ಟ ಆಟವನ್ನು ತನ್ನದೆಂದುಕೊಂಡು, ವಾರಕ್ಕೆ ಸುಮಾರು ಮೂರು ಸಲ ಸ್ಪರ್ಧೆಯ ಉದ್ದೇಶದಿಂದ ಅಭ್ಯಾಸ ಮಾಡುವವರು ಎರಡನೆಯದರಲ್ಲಿರುತ್ತಾರೆ. ಇವೆರಡಕ್ಕಿಂತ ಬಿಗಿಯಾದದ್ದು 2016ರಲ್ಲಿ ಪ್ರಕಟವಾದ ಒಂದು ವ್ಯಾಖ್ಯೆ. ಸಾಧನೆ ಉತ್ತಮಪಡಿಸಿಕೊಳ್ಳಲು ತರಬೇತಿ, ಸ್ಪರ್ಧೆಗಳಲ್ಲಿ ಭಾಗವಹಿಸುವಿಕೆ, ಕ್ರೀಡಾ ಸಂಸ್ಥೆಯಲ್ಲಿ ನೋಂದಣಿ, ಮತ್ತು ಉಳಿದ ಉದ್ಯೋಗ, ಬಿಡುವಿನ ಚಟುವಟಿಕೆಗಳಿಗಿಂತ ಹೆಚ್ಚು ಸಮಯವನ್ನು ಕ್ರೀಡೆಗೇ ಕೊಡುವುದು, ಹೀಗೆ ನಾಲ್ಕೂ ಇದ್ದರೆ ಮಾತ್ರ ಅದು ಕ್ರೀಡಾಪಟು ಎನ್ನುತ್ತದೆ. ಆ ನಾಲ್ಕನೆಯ ಷರತ್ತನ್ನು ಹಿಡಿದರೆ ನಮ್ಮೂರಲ್ಲಿ ಯಾರೂ ಉಳಿಯುವುದಿಲ್ಲ.

ತಾಸುಗಳಷ್ಟನ್ನೇ ಎಣಿಸಿದರೆ ಇನ್ನೊಂದು ಎಡವಟ್ಟಾಗುತ್ತದೆ. ಶಿರಸಿ ಕಡೆಯ ಕೊನೆಗೌಡ, ಅಂದರೆ ಅಡಿಕೆ ಗೊನೆ ಕೊಯ್ಯುವವನು, ಕಾಲಿಗೆ ಬಳೆ ಹಾಕಿ ಅಡಿಕೆ ಮರ ಏರಿ, ತುದಿಯನ್ನು ತೂಗಿಸಿ ಪಕ್ಕದ ಮರಕ್ಕೆ ದಾಟಿ, ನೆಲ ಮುಟ್ಟದೆ ಹತ್ತಾರು ಮರದ ಕೊನೆ ಇಳಿಸುತ್ತಾನೆ. ಅವನ ಹಿಡಿತ, ಸಮತೋಲನ, ದಮ್ಮು ಯಾವ ಜಿಮ್ನಾಸ್ಟಿಗೂ ಕಡಿಮೆಯಲ್ಲ. ಆದರೂ ಅವನು ಕ್ರೀಡಾಪಟುವಲ್ಲ, ಏಕೆಂದರೆ ಅವನು ಮಾಡುತ್ತಿರುವುದು ಕೊಯ್ಲು, ಆಟವಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಮಕ್ಕಳು ಕಾಡಿನ ದಾರಿಯಲ್ಲಿ ಓಡುತ್ತಿದ್ದುದನ್ನು ಬಹುಕಾಲ ಯಾರೂ ಕ್ರೀಡೆ ಎಂದು ಎಣಿಸಲಿಲ್ಲ. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದ ಕೊನೆಯಲ್ಲಿ ವಿಶೇಷ ಯೋಜನೆಯಡಿ ಅವರನ್ನು ಆರಿಸಿ ತರಬೇತಿ ಕೊಟ್ಟ ಮೇಲೆ, ಕಮಲಾ ಬಾಬು ಸಿದ್ದಿಯಂಥವರು ದೇಶದ ಪರವಾಗಿ ಓಡಿದರು. ಕಾಲುಗಳು ಮೊದಲಿನವೇ ಆಗಿದ್ದರೂ ಗೆರೆ, ಗಡಿಯಾರ, ನಿಯಮ ಮತ್ತು ಎದುರಾಳಿ ಹೊಸದಾಗಿ ಸೇರಿಕೊಂಡಿದ್ದವು. ನನ್ನ ಮಟ್ಟಿಗೆ ಇದೇ ಗೆರೆ. ಒಂದು ಆಟದ ನಿಯಮಕ್ಕೆ ಒಪ್ಪಿಕೊಂಡು, ಫಲಿತಾಂಶವನ್ನು ಅಳೆದುಕೊಂಡು, ಮುಂದಿನ ಸಲ ಸುಧಾರಿಸಲೆಂದೇ ಅಭ್ಯಾಸ ಮಾಡುವವರು, ಎಷ್ಟೇ ನಿಧಾನವಾಗಿರಲಿ, ಕ್ರೀಡಾಪಟುಗಳು. 42.195 ಕಿಲೋಮೀಟರನ್ನು ಆರು ತಾಸಿನಲ್ಲಿ ಮುಗಿಸುವ ಗೃಹಿಣಿ ಇದರೊಳಗೆ ಬರುತ್ತಾಳೆ. ಹರಟುತ್ತ ಕಡಲತೀರದಲ್ಲಿ ಒಂದು ಸುತ್ತು ಬಂದು ಅವಲಕ್ಕಿ ತಿನ್ನಲು ಹೋಗುವ ನನ್ನ ಗೆಳೆಯರು ಬರುವುದಿಲ್ಲ. ಅವರಿಗೆ ಅದರ ಬೇಸರವೂ ಇಲ್ಲ.

ವೈದ್ಯರ ಮುಂದೆ

ಇಲ್ಲಿ ಪಟ್ಟಕ್ಕಿಂತ ಅಂಕಿ ಮುಖ್ಯ. “ಅಥ್ಲೀಟಾ?” ಎಂಬ ಪ್ರಶ್ನೆಗೆ ಹೌದು, ಇಲ್ಲ ಎನ್ನುವ ಬದಲು “ಹತ್ತು ವರ್ಷದಿಂದ ವಾರಕ್ಕೆ ಐದು ತಾಸು ಓಡುತ್ತೇನೆ, ಕೊನೆಯ ದೀರ್ಘ ಓಟ ಭಾನುವಾರ” ಎಂದು ಹೇಳಿ. ದೀರ್ಘಕಾಲ ತರಬೇತಿ ಮಾಡಿದವರ ಹೃದಯ ಪ್ರತಿ ಬಡಿತಕ್ಕೆ ಹೆಚ್ಚು ರಕ್ತ ದೂಡುವುದರಿಂದ ವಿಶ್ರಾಂತಿಯಲ್ಲಿ ನಿಧಾನವಾಗಿ ಬಡಿಯುತ್ತದೆ. ಕ್ರೀಡಾಪಟುಗಳ ಇಸಿಜಿ ಓದುವ ಅಂತರರಾಷ್ಟ್ರೀಯ ಮಾನದಂಡದಲ್ಲಿ, ಬೇರೆ ತೊಂದರೆ ಇಲ್ಲದಿದ್ದರೆ, ನಿಮಿಷಕ್ಕೆ 30ರವರೆಗಿನ ನಿಧಾನಗತಿಯೂ ಸಹಜವೇ. ಇದನ್ನೇ ಗುರಾಣಿ ಮಾಡಿಕೊಳ್ಳಬಾರದು. ತಲೆಸುತ್ತು, ಓಡುವಾಗ ಎದೆನೋವು, ಎಚ್ಚರ ತಪ್ಪುವುದು ಇದ್ದರೆ “ನಾನು ಕ್ರೀಡಾಪಟು, ಹಾಗಾಗಿ ಹೀಗೆ” ಎಂದು ಸಮಾಧಾನ ಹೇಳಿಕೊಳ್ಳುವುದು ಅಪಾಯ.

ರಕ್ತ ಪರೀಕ್ಷೆಯ ಹಿಂದಿನ ದಿನ ಇಪ್ಪತ್ತು ಕಿಲೋಮೀಟರ್ ಓಡಿ ಹೋಗಬೇಡಿ. ದಣಿದ ಸ್ನಾಯುಗಳಿಂದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ, ಯಕೃತ್ತಿನ ಪರೀಕ್ಷೆಯೆಂದು ನಾವು ತಿಳಿದಿರುವ ಎಎಸ್‌ಟಿ ಕೂಡ ಏರುತ್ತದೆ, ಮತ್ತು ಯಕೃತ್ತಿಗೆ ಏನೂ ಆಗಿರದಿದ್ದರೂ ಮನೆಯವರೆಲ್ಲ ಗಾಬರಿಯಾಗುತ್ತಾರೆ.

ಮಾತ್ರೆ ಮತ್ತು ನಿಷೇಧಿತ ಪಟ್ಟಿ

ಹವ್ಯಾಸಿಗಳು ಅತ್ಯಂತ ಉದಾಸೀನ ಮಾಡುವ ವಿಷಯ ಇದು. ವಿಶ್ವ ಉದ್ದೀಪನ ಮದ್ದು ತಡೆ ಘಟಕದ ಸಂಹಿತೆಯಲ್ಲಿ ಅಥ್ಲೀಟ್ ಎಂದರೆ ಪ್ರಧಾನವಾಗಿ ಅಂತರರಾಷ್ಟ್ರೀಯ ಅಥವಾ ರಾಷ್ಟ್ರೀಯ ಮಟ್ಟದಲ್ಲಿ ಸ್ಪರ್ಧಿಸುವವರು. ಆದರೆ ಅದಕ್ಕಿಂತ ಕೆಳಗಿನವರಿಗೂ ನಿಯಮ ಅನ್ವಯಿಸುವ ಅಧಿಕಾರ ಆಯಾ ದೇಶದ ಸಂಸ್ಥೆಗೆ ಇದೆ. ನಮ್ಮಲ್ಲಿ ಆ ಸಂಸ್ಥೆ ನಾಡಾ. ಅದರ ಹಿಂದೆ 2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯ ಬಲವಿದೆ. 2021ರ ಜನವರಿ 1ರಿಂದ ಜಾರಿಗೆ ಬಂದ ಸಂಹಿತೆಯು ‘ಹವ್ಯಾಸಿ ಅಥ್ಲೀಟ್’ ಎಂಬ ಪ್ರತ್ಯೇಕ ವರ್ಗವನ್ನೇ ತಂದಿತು. ಯಾರು ಅದರೊಳಗೆ ಎಂಬುದನ್ನು ರಾಷ್ಟ್ರೀಯ ಸಂಸ್ಥೆ ನಿರ್ಧರಿಸಬಹುದು, ಆದರೆ ಹಿಂದಿನ ಐದು ವರ್ಷಗಳಲ್ಲಿ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಮಟ್ಟದವರಾಗಿದ್ದವರು ಅದರೊಳಗೆ ಬರುವಂತಿಲ್ಲ. ಈ ವರ್ಗದವರಿಗೆ ಶಿಕ್ಷೆಯಲ್ಲಿ ಸಡಿಲಿಕೆಯ ಅವಕಾಶವಿದೆ, ಹೆಸರನ್ನು ಬಹಿರಂಗಪಡಿಸುವುದು ಕಡ್ಡಾಯವಲ್ಲ. ಆದರೂ ಹವ್ಯಾಸಿಯಾಗಿರುವುದು ತಪ್ಪಿಗೆ ಪರವಾನಗಿಯಲ್ಲ.

ತೊಂದರೆ ಬರುವುದು ಕದ್ದು ತೆಗೆದುಕೊಂಡ ಮದ್ದಿನಿಂದಲ್ಲ, ಮನೆಯ ಔಷಧಿ ಡಬ್ಬಿಯಿಂದ. ರಕ್ತದೊತ್ತಡದ ಮಾತ್ರೆಯ ಹೆಸರಿನ ಕೊನೆಯಲ್ಲಿ ‘ಎಚ್’ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರವರ್ಧಕ ಇರುತ್ತದೆ. ಅದು ಸ್ಪರ್ಧೆಯ ದಿನವಷ್ಟೇ ಅಲ್ಲ, ಎಲ್ಲ ಕಾಲದಲ್ಲೂ ನಿಷೇಧಿತ. ಇನ್ಸುಲಿನ್ ಕೂಡ ಹಾಗೆಯೇ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಮಳೆಗಾಲದ ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬ್ಯುಟಮಾಲ್ ಇನ್‌ಹೇಲರ್ ಮಾತ್ರ ನಿಗದಿತ ಮಿತಿಯೊಳಗೆ ನಡೆಯುತ್ತದೆ. ನೀವು 35 ದಾಟಿದವರ ಮಾಸ್ಟರ್ಸ್ ಕೂಟಕ್ಕೆ ಹೆಸರು ಕೊಡುವವರಾದರೆ, ಮಾತ್ರೆಯ ಪಟ್ಟಿಯ ಹಿಂಭಾಗದಲ್ಲಿರುವ ರಾಸಾಯನಿಕ ಹೆಸರನ್ನು ಓದಿ, ವೈದ್ಯರ ಬಳಿ ಚಿಕಿತ್ಸಾ ವಿನಾಯಿತಿಯ (ಚಿಕಿತ್ಸೆಗೆ ಬೇಕಾದ ನಿಷೇಧಿತ ಮದ್ದಿಗೆ ಸಿಗುವ ಅನುಮತಿ) ಬಗ್ಗೆ ಮಾತಾಡಿ. ಯಾವ ಕಾರಣಕ್ಕೂ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪದಕಕ್ಕಿಂತ ರಕ್ತದೊತ್ತಡ ದೊಡ್ಡದು.

ವಿಮೆ ಮತ್ತು ಅರ್ಜಿ

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಇಳಿಯುವವರು, ಗಣೇಶಗುಡಿಯಲ್ಲಿ ಕಾಳಿ ನದಿಯ ಮೇಲೆ ರಾಫ್ಟಿಂಗ್ ಮಾಡುವವರು ತಮ್ಮ ಆರೋಗ್ಯ ವಿಮೆಯ ಕಾಗದದಲ್ಲಿ ‘ಹೊರಗಿಡಲಾದವು’ ಎಂಬ ಭಾಗವನ್ನು ತೆರೆಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಏಕರೂಪದ ಒಕ್ಕಣೆಯ ಪ್ರಕಾರ, ಅಪಾಯಕಾರಿ ಅಥವಾ ಸಾಹಸ ಕ್ರೀಡೆಯಲ್ಲಿ ‘ವೃತ್ತಿಪರರಾಗಿ’ ಭಾಗವಹಿಸಿದಾಗ ಆದ ಗಾಯದ ಚಿಕಿತ್ಸಾ ವೆಚ್ಚ ಹೊರಗುಳಿಯುತ್ತದೆ. ಸ್ಕೂಬಾ, ರಾಫ್ಟಿಂಗ್ ಎರಡನ್ನೂ ಅದು ಹೆಸರಿಸುತ್ತದೆ. ಎಲ್ಲ ತೂಕವೂ ‘ವೃತ್ತಿಪರರಾಗಿ’ ಎಂಬ ಒಂದು ಪದದ ಮೇಲಿದೆ. ರಜೆಗೆ ಬಂದು ಒಮ್ಮೆ ಸ್ಕೂಬಾ ಇಳಿದವರು ಆಸ್ಪತ್ರೆಯ ಕಾಗದದಲ್ಲಿ ತಮ್ಮನ್ನು ಹವ್ಯಾಸಿ ಎಂದು ಸ್ಪಷ್ಟವಾಗಿ ಬರೆಸಬೇಕು. ಸಂಬಳ ಪಡೆದು ಮುಳುಗುಗಾರಿಕೆ ಕಲಿಸುವ ನಮ್ಮ ಹುಡುಗರು ಈ ವಿಮೆ ತಮ್ಮನ್ನು ಕಾಯುತ್ತದೆ ಎಂದು ನಂಬದೆ, ಪ್ರತ್ಯೇಕ ರಕ್ಷಣೆ ಕೇಳಿ ಪಡೆಯಬೇಕು. ಅಪಘಾತ ವಿಮೆಯ ಷರತ್ತುಗಳು ಬೇರೆಯಿರುತ್ತವೆ; ಅದನ್ನು ಬೇರೆಯಾಗಿಯೇ ಓದಿ.

ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ ಚರ್ಚೆಗೆ ಎಡೆಯೇ ಇಲ್ಲ. ರಾಜ್ಯ ಅಥವಾ ದೇಶವನ್ನು, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ವಿಶ್ವವಿದ್ಯಾಲಯವನ್ನು, ರಾಷ್ಟ್ರೀಯ ಶಾಲಾ ಕ್ರೀಡೆಯಲ್ಲಿ ರಾಜ್ಯದ ಶಾಲಾ ತಂಡವನ್ನು ಪ್ರತಿನಿಧಿಸಿದ ಪ್ರಮಾಣಪತ್ರ ಬೇಕು. ಮನೆಯ ಗೋಡೆಯಲ್ಲಿ ತೂಗುಹಾಕಿದ ಓಟ ಮುಗಿಸಿದವರ ಪದಕ ಎಷ್ಟೇ ಇದ್ದರೂ ಅಲ್ಲಿ ನಡೆಯುವುದಿಲ್ಲ.

ಪಂದ್ಯಾವಳಿ ನಡೆಸುವವರಿಗೆ

ಕರಾವಳಿಯಲ್ಲಿ ಈ ಪ್ರಶ್ನೆ ಜಗಳವಾಗುವುದು ಹೊನಲು ಬೆಳಕಿನ ವಾಲಿಬಾಲ್ ಮತ್ತು ಕಬಡ್ಡಿ ಪಂದ್ಯಾವಳಿಗಳಲ್ಲಿ. ಕರಪತ್ರದಲ್ಲಿ ‘ಹವ್ಯಾಸಿ ತಂಡಗಳಿಗೆ ಮಾತ್ರ’ ಎಂದಿರುತ್ತದೆ. ಸೆಮಿಫೈನಲ್ ಹೊತ್ತಿಗೆ ಒಂದು ತಂಡದಲ್ಲಿ ಆರಡಿ ಎತ್ತರದ, ಯಾರಿಗೂ ಪರಿಚಯವಿಲ್ಲದ ಮೂವರು ಇಳಿಯುತ್ತಾರೆ. ರಾತ್ರಿ ಎರಡು ಗಂಟೆಗೆ ಮೈಕಿನ ಮುಂದೆ ವಾಗ್ವಾದ ಶುರುವಾಗುತ್ತದೆ. ಬಂದವರು “ನಮಗೆ ಯಾರೂ ಸಂಬಳ ಕೊಡುವುದಿಲ್ಲ, ನಾವೂ ಹವ್ಯಾಸಿಗಳೇ” ಎನ್ನುತ್ತಾರೆ, ಮತ್ತು ಅವರು ಹೇಳುವುದು ಸುಳ್ಳಲ್ಲ. ಹವ್ಯಾಸಿ ಎಂಬುದು ದುಡ್ಡಿನ ಕುರಿತ ಪದ. ಸಂಘಟಕರ ಮನಸ್ಸಿನಲ್ಲಿದ್ದದ್ದು ಮಟ್ಟ ಮತ್ತು ಊರು. ಆದ್ದರಿಂದ ಆ ಪದವನ್ನೇ ಕರಪತ್ರದಿಂದ ತೆಗೆದು, ಕಾಗದ ನೋಡಿ ತೀರ್ಮಾನಿಸಬಹುದಾದ ಮಾತನ್ನು ಹಾಕಬೇಕು. ನಾವು ಕಳೆದ ವರ್ಷ ಮೂರು ಸಲ ತಿದ್ದಿ ಕೊನೆಗೆ ಅಚ್ಚು ಹಾಕಿಸಿದ ಸಾಲು ಇದು, ಬೇಕಿದ್ದವರು ಹಾಗೆಯೇ ಬಳಸಬಹುದು: “ಈ ವಿಭಾಗದಲ್ಲಿ ಆಡುವವರೆಲ್ಲರ ಆಧಾರ್ ವಿಳಾಸ ಇದೇ ತಾಲೂಕಿನದ್ದಾಗಿರತಕ್ಕದ್ದು, ಕಳೆದ 3 ವರ್ಷಗಳಲ್ಲಿ ರಾಜ್ಯ ತಂಡ, ವಿಶ್ವವಿದ್ಯಾಲಯ ತಂಡ ಅಥವಾ ಯಾವುದೇ ಇಲಾಖೆಯ ತಂಡದಲ್ಲಿ ಆಡಿದವರು ಮುಕ್ತ ವಿಭಾಗದಲ್ಲಿ ಮಾತ್ರ ಭಾಗವಹಿಸತಕ್ಕದ್ದು, ಆಕ್ಷೇಪಣೆಯನ್ನು ಪಂದ್ಯ ಆರಂಭವಾಗುವ ಮೊದಲೇ ಲಿಖಿತವಾಗಿ ಕೊಡತಕ್ಕದ್ದು.”