ಹೂವಿನ ಜೀನ್ ಬಾಯಿ ಮುಚ್ಚಿಸುವುದು ಹೇಗೆ?

ಜೀನ್ ಸೈಲೆನ್ಸಿಂಗ್‌ಗೆ, ಅಂದರೆ ಒಂದು ಜೀನ್ ಕೆಲಸ ಮಾಡದ ಹಾಗೆ ತಡೆಯುವುದಕ್ಕೆ, ಹೊಸದಾಗಿ ಇಳಿದವರು ಎಡವುವುದು ಬ್ಯಾಕ್ಟೀರಿಯಾ ಬೆಳೆಸುವಾಗ ಅಲ್ಲ. ಜೀನಿನ ತುಂಡು ಆರಿಸುವಾಗ, ಇಲ್ಲಾ ಕೊನೆಗೆ ಹೂವು ನೋಡುವಾಗ. ಸೊಟ್ಟಗೆ ಅರಳಿದ ಹೂವನ್ನೆಲ್ಲ ಫಲಿತಾಂಶ ಅಂತ ಬರೆದುಕೊಂಡುಬಿಡುತ್ತಾರೆ.

ಉಪಾಯ ಸರಳ. ಗಿಡಕ್ಕೆ ವೈರಸ್ ತಗುಲಿದರೆ ಅದರ ಆರ್‌ಎನ್‌ಎಯನ್ನು ಗಿಡವೇ ಕತ್ತರಿಸಿ ಹಾಕುತ್ತದೆ. ಆ ವೈರಸ್‌ನೊಳಗೆ ಗಿಡದ್ದೇ ಜೀನಿನ ತುಂಡೊಂದನ್ನು ಸೇರಿಸಿದರೆ, ಗಿಡ ತನ್ನ ಆ ಜೀನಿನ ಆರ್‌ಎನ್‌ಎಯನ್ನೂ, ಅಂದರೆ ಜೀನ್ ಕಳಿಸುವ ಸಂದೇಶವನ್ನೂ, ಕತ್ತರಿಸುತ್ತದೆ. ಲ್ಯಾಬ್‌ನಲ್ಲಿ ಇದನ್ನು ವಿಗ್ಸ್ (ವೈರಸ್ ಮೂಲಕ ಜೀನ್ ಸೈಲೆನ್ಸಿಂಗ್) ಅನ್ನುತ್ತಾರೆ. ಹೆಚ್ಚಾಗಿ ಬಳಸುವುದು ಟಿಆರ್‌ವಿ ಅನ್ನುವ ತಂಬಾಕಿನ ವೈರಸ್.

ನಾನು ಹೇಳುತ್ತಿರುವುದು ಕೋಲಂಬೈನ್ ಹೂವಿನ ಲೆಕ್ಕ; ಹೆಸರು ಅಕ್ವಿಲೀಜಿಯಾ. ಲ್ಯಾಬ್‌ಗಳ ಮಾದರಿ ಗಿಡವಾದ ಅರಾಬಿಡಾಪ್ಸಿಸ್‌ನಲ್ಲಿ ದಳಕ್ಕೂ ಕೇಸರಕ್ಕೂ ಬೇಕಾದ ಎಪಿ3 ಜೀನ್ ಒಂದೇ. ಕೋಲಂಬೈನ್‌ನಲ್ಲಿ ಅದರ ಮೂರು ಪ್ರತಿಗಳಿವೆ. ಯಾವುದು ಯಾವ ಕೆಲಸ ಹಂಚಿಕೊಂಡಿತು ಅನ್ನುವುದೇ ವಿಕಾಸದ ಪ್ರಶ್ನೆ.

ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ ತಗೊಳ್ಳಿ. ಆಮೇಲೆ ಗಿಡ. ಬಣ್ಣದ ತಳಿಯೇ ಬೇಕು. ಬಿಳಿ ಹೂವಿನ ತಳಿ ಅಗ್ಗಕ್ಕೆ ಸಿಕ್ಕರೂ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಹೂ ಬಿಡಬೇಕಾದರೆ ಗಿಡ ಕೆಲವು ವಾರ ಚಳಿಯಲ್ಲಿರಬೇಕು, ಸುಮಾರು 4 ಡಿಗ್ರಿಯಲ್ಲಿ.

ಈಗ ತುಂಡಿನ ವಿಷಯ. ಇಲ್ಲಿ ಅವಸರ ಮಾಡಬೇಡಿ. 300ರಿಂದ 500 ಡಿಎನ್‌ಎ ಅಕ್ಷರದ ತುಂಡು ಸಾಕು. ತೀರಾ ಉದ್ದವಾದರೆ ವೈರಸ್ ಅದನ್ನು ಕಳಚಿ ಎಸೆಯುತ್ತದೆ. ಎಪಿ3 ಥರದ ಜೀನ್‌ಗಳ ಆರಂಭದ ಭಾಗ, ಅಂದರೆ ಮ್ಯಾಡ್ಸ್ ಭಾಗ, ಎಲ್ಲ ಅಣ್ಣತಮ್ಮಂದಿರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಲ್ಲಿಂದ ತುಂಡು ತೆಗೆದರೆ ಒಂದರ ಜೊತೆ ಇನ್ನೂ ನಾಲ್ಕು ಜೀನ್ ಬಾಯಿ ಮುಚ್ಚಬಹುದು, ಆಗ ಯಾವುದರಿಂದ ಏನಾಯಿತು ಅಂತ ಹೇಳೋದು ಹೇಗೆ? ಜೀನಿನ ಬಾಲದ ಕಡೆಯಿಂದ ತಗೊಳ್ಳಿ. ಉಳಿದ ಪ್ರತಿಗಳ ಪಕ್ಕ ಇಟ್ಟು ಕಣ್ಣಾರೆ ನೋಡಿ: ಸತತ 21 ಅಕ್ಷರ ಎಲ್ಲೂ ಹೊಂದಬಾರದು. ಸಾಫ್ಟ್‌ವೇರ್ ಕೊಟ್ಟ ಮೊದಲ ತುಂಡನ್ನೇ ಆರ್ಡರ್ ಮಾಡುವವರಿದ್ದಾರೆ, ಸುಮ್ನೆ ದುಡ್ಡು ದಂಡ.

ಅದೇ ವೈರಸ್‌ಗೆ ಎಎನ್‌ಎಸ್ ಅನ್ನುವ ಬಣ್ಣದ ಜೀನಿನ ತುಂಡನ್ನೂ ಸೇರಿಸಿ. ಸೈಲೆನ್ಸಿಂಗ್ ಆದ ಕಡೆ ಹೂವು ಬಿಳಿಯಾಗುತ್ತದೆ. ಬಿಳಿ ತಳಿ ಬೇಡ ಅಂದದ್ದು ಇದಕ್ಕೇ.

ವೈರಸ್‌ನ ಎರಡು ಭಾಗಗಳಾದ ಟಿಆರ್‌ವಿ1, ಟಿಆರ್‌ವಿ2 ಎರಡನ್ನೂ ಬೇರೆಬೇರೆ ಅಗ್ರೋಬ್ಯಾಕ್ಟೀರಿಯಂನಲ್ಲಿ (ಡಿಎನ್‌ಎಯನ್ನು ಗಿಡದೊಳಗೆ ಸಾಗಿಸುವ ಬ್ಯಾಕ್ಟೀರಿಯಾ) ಬೆಳೆಸಿ, ಸಮಸಮ ಬೆರೆಸಿ, ಮೂರ್ನಾಲ್ಕು ಗಂಟೆ ಬಿಟ್ಟು, ಚಳಿಯಿಂದ ಹೊರತೆಗೆದ ಗಿಡಗಳಿಗೆ ವ್ಯಾಕ್ಯೂಮ್‌ನಲ್ಲಿ ಹಾಯಿಸಿ. ಆ ಬ್ಯಾಕ್ಟೀರಿಯಾವನ್ನು ಚುರುಕಾಗಿಸಲು ಬೆರೆಸುವ ಅಸಿಟೋಸಿರಿಂಗೋನ್‌ನ, ಬೆಳಕಿಗೆ ಬಿದ್ದು ಹಳತಾದ ಬಾಟಲಿ ಫ್ರಿಜ್‌ನಲ್ಲಿದ್ದರೆ ಎಸೆಯಿರಿ. ಆಮೇಲೆ ಗಿಡ 20-22 ಡಿಗ್ರಿಯಲ್ಲಿರಲಿ. ಸೆಖೆ ಜಾಸ್ತಿಯಾದರೆ ಈ ವೈರಸ್ ಸರಿಯಾಗಿ ಹರಡುವುದಿಲ್ಲ. ಬೆಂಗಳೂರಿನ ಏಪ್ರಿಲ್‌ನಲ್ಲಿ ತೆರೆದ ನೆರಳುಮನೆಯಲ್ಲಿ ಇದನ್ನು ಮಾಡಹೊರಡಬೇಡಿ.

ಹೂವು ಅರಳಿತು. ಈಗ ನಿಜವಾದ ಕಷ್ಟ. ಸೈಲೆನ್ಸಿಂಗ್ ತೇಪೆತೇಪೆಯಾಗಿ ಆಗುತ್ತದೆ: ಒಂದೇ ಹೂವಿನಲ್ಲಿ ಅರ್ಧ ಬಿಳಿ, ಅರ್ಧ ಬಣ್ಣ. ಎಷ್ಟೋ ಗಿಡಗಳಲ್ಲಿ ಏನೂ ಆಗಿರುವುದೇ ಇಲ್ಲ, ಅದಕ್ಕೇ ಗಿಡ ಜಾಸ್ತಿ ಇಟ್ಟುಕೊಳ್ಳಿ. ಹೋಲಿಸಿ ನೋಡಲು ಎರಡು ಗುಂಪು ಬೇಕೇ ಬೇಕು: ಏನೂ ಹಾಕದ ಗಿಡ, ಎಎನ್‌ಎಸ್ ಮಾತ್ರ ಹಾಕಿದ ಗಿಡ. ವೈರಸ್ಸೇ ದಳವನ್ನು ಸುಕ್ಕಾಗಿಸಬಹುದು. ಎರಡನೇ ಗುಂಪಿನಲ್ಲೂ ಅದೇ ಸುಕ್ಕು ಕಂಡರೆ ನಿಮ್ಮ ಜೀನಿಗೆ ಅದರ ಹೆಸರು ಕಟ್ಟಬೇಡಿ.

ಇನ್ನೊಂದು ಮೋಸ. ಕೋಲಂಬೈನ್‌ನ ಪುಷ್ಪಪತ್ರಗಳಿಗೂ (ದಳಗಳ ಹೊರಗಿನ ಸುತ್ತು) ದಳದ ಹಾಗೇ ಬಣ್ಣ ಇರುತ್ತದೆ, ಎಎನ್‌ಎಸ್ ಹೋದಮೇಲೆ ಎರಡೂ ಬಿಳಿ. ಹಾಗಾಗಿ ಬಣ್ಣ ಬಿಡಿ, ಆಕಾರ ನೋಡಿ. ದಳಕ್ಕೆ ಹಿಂದೆ ಮಕರಂದದ ಉದ್ದನೆಯ ಕೊಂಬಿರುತ್ತದೆ. ಎಪಿ3-3 ಪ್ರತಿಯನ್ನು ಅಡಗಿಸಿದಾಗ ಆ ಕೊಂಬು ಮಾಯವಾಗಿ ದಳವೇ ಚಪ್ಪಟೆ ಪುಷ್ಪಪತ್ರದಂತಾಗುತ್ತದೆ, ಕೇಸರಗಳು ಮಾತ್ರ ಇದ್ದಂತೆಯೇ ಇರುತ್ತವೆ. ಅಂದರೆ ಆ ಪ್ರತಿ ದಳದ ಕೆಲಸಕ್ಕೇ ಮೀಸಲಾಗಿದೆ. ಗಸಗಸೆ ಗಿಡದಲ್ಲೂ ಎಪಿ3ಯ ಎರಡು ಪ್ರತಿಗಳು ಹೀಗೇ ದಳಕ್ಕೊಂದು, ಕೇಸರಕ್ಕೊಂದು ಅಂತ ಕೆಲಸ ಹಂಚಿಕೊಂಡಿವೆ.

ಫೋಟೋ ತೆಗೆದ ಕೂಡಲೇ ಬಿಳಿಯಾದ ಆ ದಳವನ್ನೇ ದ್ರವ ಸಾರಜನಕಕ್ಕೆ ಹಾಕಿ. ಇಡೀ ಹೂವು ಅರೆದರೆ ಬಣ್ಣದ ಭಾಗವೂ ಸೇರಿ ಲೆಕ್ಕ ಕೆಡುತ್ತದೆ. ಜೀನಿನ ಆರ್‌ಎನ್‌ಎ ಎಷ್ಟು ಉಳಿದಿದೆ ಅಂತ ಅಳೆಯುವುದು ಆರ್‌ಟಿ-ಪಿಸಿಆರ್; ಅದರ ಪ್ರೈಮರ್‌ಗಳು, ಅಂದರೆ ಅಳೆಯುವ ಜಾಗ ಗುರುತಿಸುವ ಪುಟ್ಟ ಡಿಎನ್‌ಎ ತುಂಡುಗಳು, ನೀವು ಸೇರಿಸಿದ ತುಂಡಿನ ಹೊರಗಿರಬೇಕು, ಇಲ್ಲದಿದ್ದರೆ ವೈರಸ್‌ನಲ್ಲಿರುವ ತುಂಡನ್ನೇ ಅಳೆದು ಜೀನ್ ಇನ್ನೂ ಜೋರಾಗಿದೆ ಅಂದುಕೊಳ್ಳುತ್ತೀರಿ. ಉಳಿದೆರಡು ಪ್ರತಿಗಳನ್ನೂ ಅಳೆಯಿರಿ. ಅವೂ ಇಳಿದಿದ್ದರೆ ತುಂಡಿನ ಆಯ್ಕೆಗೇ ವಾಪಸ್ ಹೋಗಿ. ಕೆಲಸ ಮುಗಿದ ಗಿಡವನ್ನು ಮಣ್ಣಿನ ಸಮೇತ ಆಟೋಕ್ಲೇವ್ ಮಾಡಿ (ಒತ್ತಡದ ಬಿಸಿ ಹಬೆಯಲ್ಲಿ ಬೇಯಿಸಿ). ಚೆಂದ ಇದೆ ಅಂತ ಮನೆಗೆ ಒಯ್ಯಬೇಡಿ.