ಪಲ್ಪರ್ ನೀರು, ಕಲ್ಲಿನಡಿಯ ಹುಳ: ನನ್ನ ಅನುಭವ

"ಹುಳ ಎಣಿಸಿ ಹಳ್ಳದ ಆರೋಗ್ಯ ಹೇಳ್ತೀಯಾ?" ಅಂತ ನಕ್ಕವರೇ ಈಗ ನನ್ನ ಟ್ರೇ ಎರವಲು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಿಕ್ ಸ್ಯಾಂಪಲ್ ಅಂದರೆ ಕಾಲಿನಿಂದ ಹಳ್ಳದ ತಳ ಕೆದಕಿ, ಎದ್ದ ಹುಳವನ್ನು ಬಲೆಯಲ್ಲಿ ಹಿಡಿಯುವುದು; ಸ್ಕೋರ್ ಅಂದರೆ ಸಿಕ್ಕ ಹುಳಕ್ಕೆ ಅಂಕ ಹಾಕುವುದು. ಅದರ ವಿವರ ಬಿಡುತ್ತೇನೆ.

ನಮ್ಮ ಹಳ್ಳ ಮೂಡಿಗೆರೆ ಕಡೆಯದು, ಕೊನೆಗೆ ಹೇಮಾವತಿ ಸೇರುತ್ತದೆ. ಮೇಲೆ ಶೋಲೆ ಕಾಡು, ನಡುವೆ ಕಾಫಿ ತೋಟ, ಕೆಳಗೆ ಗದ್ದೆ. ಅರೇಬಿಕಾ ಕೊಯ್ಲು ಶುರುವಾದರೆ ಒಂದು ತೋಟದ ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಕೊಳೆನೀರು) ರಾತ್ರಿ ಹೊತ್ತು ಹಳ್ಳಕ್ಕೆ ಇಳಿಯುತ್ತಿತ್ತು. ಊರಿಗೆಲ್ಲ ಗೊತ್ತು, ಕೈಯಲ್ಲಿ ಪುರಾವೆ ಮಾತ್ರ ಇಲ್ಲ.

ಮೊದಲು ಎಲ್ಲರ ಹಾಗೆ ಬಾಟಲಿ ತುಂಬಿ ಲ್ಯಾಬಿಗೆ ಕೊಟ್ಟೆ. ಬಿಒಡಿ, ಸಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ಹೀರುತ್ತೆ ಅನ್ನುವ ಅಳತೆಗಳು) ಎಲ್ಲಾ ಸೇರಿ ಬಾಟಲಿಗೆ 2,000 ರೂ. ಆಸುಪಾಸು. ಎರಡು ಹಂಗಾಮಿನಲ್ಲಿ ಬಸ್ ಚಾರ್ಜು, ಐಸ್ ಡಬ್ಬಿ ಸೇರಿ 15,000 ದಾಟಿರಬೇಕು. ಪ್ರತಿ ಸಲ ಬಂದದ್ದು 'ಮಿತಿಯೊಳಗಿದೆ'. ಇನ್ನೇನು ಬರುತ್ತೆ? ಪಲ್ಪರ್ ನೀರಿನ ಬಿಒಡಿ ಸಾವಿರಗಳ ಲೆಕ್ಕದಲ್ಲಿದ್ದರೂ ಅದು ಹರಿಯುವುದು ರಾತ್ರಿ, ಬಾಟಲಿ ತುಂಬುವುದು ಬೆಳಿಗ್ಗೆ ಹತ್ತಕ್ಕೆ. ಅಷ್ಟರಲ್ಲಿ ಅದು ಕೆಳಗಿನ ಊರು ದಾಟಿರುತ್ತದೆ. ಕಲ್ಲಿನಡಿ ತಿಂಗಳುಗಟ್ಟಲೆ ಕೂರುವ, ಚೊಕ್ಕ ನೀರಲ್ಲೇ ಬದುಕುವ ಕೀಟವಾದ ಸ್ಟೋನ್‌ಫ್ಲೈ ಮರಿಗೆ ಆ ರಾತ್ರಿ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಹುಳದ ದಾರಿಯೂ ಸಲೀಸಾಗಿ ಕೈಹಿಡಿಯಲಿಲ್ಲ. ಆಗಸ್ಟ್‌ನಲ್ಲಿ ಇಳಿದದ್ದು ಪೂರ್ತಿ ದಂಡ. ನೆರೆಗೆ ಕಲ್ಲುಗಳೇ ಉರುಳುತ್ತವೆ, ಮೇಲೂ ಖಾಲಿ, ಕೆಳಗೂ ಖಾಲಿ. ಮಳೆ ನಿಂತು ನೀರು ತಿಳಿಯಾಗಿ ಮೂರ್ನಾಲ್ಕು ವಾರವಾದರೂ ಕಳೆಯಬೇಕು. ಸೊಳ್ಳೆ ಪರದೆಯ ಬಲೆಯಲ್ಲಿ, ಕೊಳಕು ನೀರಲ್ಲೂ ಬದುಕುವ, ಕಚ್ಚದ ಸೊಳ್ಳೆಯಂಥ ನೊಣದ ಮರಿಗಳಾದ ಸಣ್ಣ ಕೈರೊನೊಮಿಡ್‌ಗಳೆಲ್ಲ ತೂರಿಹೋದವು. ಅಂದರೆ ಕೊಳಕು ನೀರಿನ ಗುರುತೇ ಸೋರಿಹೋಗಿ, ಹಳ್ಳ ಇದ್ದದ್ದಕ್ಕಿಂತ ಚೊಕ್ಕವಾಗಿ ಕಂಡಿತು! ತರಿಸುವ ಬಲೆಗೆ ಆರೇಳು ಸಾವಿರ ಹೇಳಿದರು. ಸ್ಕ್ರೀನ್ ಪ್ರಿಂಟಿಂಗ್‌ನವರ ಜಾಲರಿ ಬಟ್ಟೆಯಲ್ಲಿ ದಪ್ಪ ಕಣ್ಣಿನದ್ದು, ಅರ್ಧ ಮಿಲಿಮೀಟರ್ ಹತ್ತಿರದ್ದು ಹುಡುಕಿ, ಟೈಲರ್ ಕೈಲಿ ಹೊಲಿಸಿ, ಕಬ್ಬಿಣದ ಚೌಕಟ್ಟಿಗೆ ಕಟ್ಟಿದೆ. ಎಲ್ಲಾ ಸೇರಿ 600 ಆಗಿರಬಹುದು. ಅಷ್ಟು ಗಟ್ಟಿ ಬಲೆ ದುಡ್ಡು ಕೊಟ್ಟರೂ ಸಿಗಲ್ಲ.

ಹುಳ ಕೆಡದಂತೆ ಇಡುವುದೂ ಒಂದು ಗೋಳು. ಸ್ಯಾನಿಟೈಸರ್ ಜೆಲ್‌ನಲ್ಲಿ ಹಾಕಿದ್ದು ಅಂಟಿನ ಮುದ್ದೆಯಾಯಿತು. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್ ಸಾಕು, ಆದರೆ ಮೇಫ್ಲೈ ಅನ್ನುವ ಕೀಟದ ಮರಿಯ ಕಿವಿರು ಉದುರುತ್ತವೆ. ಹಾಗಾಗಿ ಮೇಫ್ಲೈ ಗುರುತನ್ನು ಹಳ್ಳದ ಬದಿಯಲ್ಲೇ ಮುಗಿಸುತ್ತೇನೆ. ಟ್ರೇಯಲ್ಲಿ ಎಲೆಕಸದಿಂದ ಹುಳ ಬೇರೆ ಮಾಡಲು ನನ್ನದೊಂದು ಉಪಾಯ ಇದೆ, ಅರ್ಧ ಗಂಟೆ ಉಳಿಯುತ್ತೆ. ಬೇಕಾದ್ದು ಅಡುಗೆಮನೆ ಸಾಮಾನೇ. ಅದಕ್ಕಿಂತ ಜಾಸ್ತಿ ಹೇಳಲ್ಲ.

ಸ್ಕೋರ್‌ಗೆ ಬಳಸಿದ್ದು ಬಿಎಂಡಬ್ಲ್ಯೂಪಿ. ಅದು ಬ್ರಿಟನ್ನಿನ ಪಟ್ಟಿ: ಕೊಳೆ ತಾಳದ ಹುಳದ ಕುಟುಂಬಕ್ಕೆ ಹತ್ತರವರೆಗೆ ಅಂಕ, ತಾಳುವುದಕ್ಕೆ ಕಮ್ಮಿ. ನಮ್ಮ ಘಟ್ಟದ ಹಳ್ಳದಲ್ಲಿ ಕಲ್ಲಿಗೆ ನಾಣ್ಯದ ಹಾಗೆ ಅಂಟಿಕೊಳ್ಳುವ ವಾಟರ್ ಪೆನ್ನಿ ಅನ್ನುವ ಜೀರುಂಡೆ ಮರಿಗೆ ಅದರಲ್ಲಿ ಜಾಗವೇ ಇಲ್ಲ. ಅದಕ್ಕೇ ನಾನು ಒಂಟಿ ಸಂಖ್ಯೆಯನ್ನು ನಂಬಲ್ಲ. ಪಲ್ಪರ್‌ಗಿಂತ ಮೇಲೊಂದು ರಿಫಲ್ (ಕಲ್ಲುಗಳ ಮೇಲೆ ನೀರು ತೆಳ್ಳಗೆ ಜೋರಾಗಿ ಹರಿಯುವ ಜಾಗ), ಕೆಳಗೊಂದು ರಿಫಲ್. ಎರಡನ್ನೂ ಕೊಯ್ಲಿಗೆ ಮುಂಚೆ ನವೆಂಬರ್ ಮೊದಲಲ್ಲಿ, ಮತ್ತೆ ಫೆಬ್ರವರಿಯಲ್ಲಿ ನೋಡುವುದು. ಇಷ್ಟೇ.

ನವೆಂಬರ್‌ನಲ್ಲಿ ಎರಡೂ ಕಡೆ ಸರಾಸರಿ ಸ್ಕೋರ್ (ಒಟ್ಟು ಅಂಕವನ್ನು ಸಿಕ್ಕ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿದ್ದು) 6.5ರ ಹತ್ತಿರ. ಫೆಬ್ರವರಿಯಲ್ಲಿ ಮೇಲೆ ಇನ್ನೂ 6ರ ಮೇಲೇ, ಕೆಳಗೆ 4ಕ್ಕಿಂತ ಕಮ್ಮಿ. ಹತ್ತು ಅಂಕದ ಪರ್ಲಿಡೆ (ಸ್ಟೋನ್‌ಫ್ಲೈ ಕುಟುಂಬ) ಒಂದೂ ಇಲ್ಲ, ಹೆಪ್ಟಜೆನಿಡೆ (ಮೇಫ್ಲೈ ಕುಟುಂಬ) ಇಲ್ಲ. ಕಲ್ಲಿನ ಮೇಲೆ ಬೂದು ಲೋಳೆ, ಬಲೆ ತುಂಬ ಕೆಂಪು ಕೈರೊನೊಮಿಡ್. "ಬೋರ್ಡೋ ಹೊಡೆದದ್ದಕ್ಕೆ ಸತ್ತಿವೆ" ಅಂದರು ಒಬ್ಬರು. ಬೋರ್ಡೋ (ಗಿಡದ ರೋಗಕ್ಕೆ ಹೊಡೆಯುವ ತಾಮ್ರ-ಸುಣ್ಣದ ಔಷಧಿ) ಹೊಡೆಯುವುದು ಮಳೆಗೆ ಮುಂಚೆ, ಇಲ್ಲವೇ ಮಳೆಗಾಲದ ಬಿಡುವಿನಲ್ಲಿ. ಅದೇ ಕಾರಣವಾಗಿದ್ದರೆ ನವೆಂಬರ್‌ನಲ್ಲೇ ಕಾಣಬೇಕಿತ್ತು, ಅಲ್ವಾ? ಆಮೇಲೆ ಅವರು ಮಾತಾಡಲಿಲ್ಲ.

ನಡುವೆ, ಎಲೆ ತಿಂದು ಕರಗಿಸುವ ಹುಳ ಎರಡೂ ಕಡೆ ಎಷ್ಟು ಕೆಲಸ ಮಾಡುತ್ತವೆ ಅಂತ ನೋಡಲು ಸುಮ್ನೆ ಒಂದು ಆಟ ಆಡಿದೆ. ಈರುಳ್ಳಿ ಚೀಲದ ಬಲೆಯಲ್ಲಿ ಹಲಸಿನ ಎಲೆ, ಅಕೇಶಿಯಾ ಎಲೆ ಬೇರೆ ಬೇರೆ ಕಟ್ಟಿ ಎರಡೂ ಜಾಗದಲ್ಲಿ ಮುಳುಗಿಸಿದೆ. ಮೇಲಿನ ಜಾಗದಲ್ಲಿ ಒಂದೂವರೆ ತಿಂಗಳಿಗೆ ಹಲಸಿನೆಲೆ ಬರೀ ನರವಾಗಿತ್ತು. ಅಕೇಶಿಯಾ ಅಷ್ಟೇನೂ ಕರಗಿರಲಿಲ್ಲ. ಕೆಳಗಿನ ಚೀಲಗಳನ್ನು ಯಾರೋ ಏಡಿ ಹಿಡಿಯುವವರು ಒಯ್ದರು, ಹಾಗಾಗಿ ಹೋಲಿಸಲು ಏನೂ ಉಳಿಯಲಿಲ್ಲ. ಈ ಸಲ ಕಲ್ಲಿನಡಿ ಅಡಗಿಸಿ ಕಟ್ಟುತ್ತೇನೆ.

ತೋಟದ ಯಜಮಾನರಿಗೆ ವರದಿ ಕೊಡಲಿಲ್ಲ. ಎರಡು ಬಿಳಿ ಟ್ರೇ ಅಕ್ಕಪಕ್ಕ ಇಟ್ಟು ತೋರಿಸಿದೆ. ಲ್ಯಾಬ್ ಕಾಗದವನ್ನು ಬದಿಗೆ ತಳ್ಳುತ್ತಿದ್ದವರು ಟ್ರೇ ಮುಂದೆ ತುಂಬ ಹೊತ್ತು ನಿಂತರು. ಮುಂದಿನ ಹಂಗಾಮಿಗೆ ಹಳ್ಳದಿಂದ ದೂರ ಗುಂಡಿ ತೆಗೆಸಿ, ಪಲ್ಪರ್ ನೀರನ್ನು ಅಲ್ಲಿಗೆ ತಿರುಗಿಸಿ, ಸುಣ್ಣ ಹಾಕಿಸಿದರು. ಮಳೆ ಇಳಿದ ಮೇಲೆ ಶೋಲೆ ಕಡೆಯಿಂದ ಹುಳ ತೇಲಿಬಂದು ಕೆಳಗಿನ ರಿಫಲ್ ಮತ್ತೆ ತುಂಬಿತ್ತು. ಕಳೆದ ಫೆಬ್ರವರಿಯ ಲೆಕ್ಕ 5.5ರ ಆಸುಪಾಸು, ಪರ್ಲಿಡೆ ನಾಲ್ಕೈದು ಸಿಕ್ಕವು.

ಮೇಲಿನ ಮಟ್ಟಕ್ಕೆ ಇನ್ನೂ ಬಂದಿಲ್ಲ. ಗುಂಡಿ ಜಿನುಗುತ್ತಿರಬಹುದು. ಇಲ್ಲವೇ ನಡುವೆ ಇರುವ ಲೈನ್ ಮನೆಗಳ (ತೋಟದ ಕೆಲಸದವರ ಸಾಲುಮನೆಗಳ) ಬಟ್ಟೆ ಒಗೆಯುವ ಕಲ್ಲಿನ ಸೋಪು ನೀರಿರಬಹುದು. ಬೇಸಿಗೆಗೆ ನೀರು ಇಳಿದಾಗ ಅದೂ ಕಡಿಮೆಯೇನಲ್ಲ. ಈ ಸಲ ಆ ಕಲ್ಲಿಗೂ ಪಲ್ಪರಿಗೂ ನಡುವೆ ಮೂರನೇ ಜಾಗ ಹಾಕುತ್ತಿದ್ದೇನೆ.